ಮೇಗಳಹಳ್ಳಿಯ ಮೊರ

ಚಿಕ್ಕಹೊಳೆಯನ್ನು ಹೊಳೆ ಎಂದು ಕರೆಯುವುದೇ ದೊಡ್ಡ ಮಾತು ಎನ್ನುವವರಿದ್ದಾರೆ. ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಯಲಹಂಕದಾಚೆಯ ದಿಣ್ಣೆಗಳ ಮೇಲೆ ಬಿದ್ದ ಮಳೆಯೆಲ್ಲ ಇಳಿದು ಮೇಗಳಹಳ್ಳಿಯ ಕೆರೆ ಸೇರಬೇಕು, ಕೆರೆ ತುಂಬಿ ಕೋಡಿ ಬೀಳಬೇಕು, ಆಗ ಅದು ಹೊಳೆ. ಮಿಕ್ಕ ಕಾಲವೆಲ್ಲ ದನ ಓಡಾಡುವ ಮರಳಿನ ದಾರಿ. ಆದರೂ ಅದರ ದಂಡೆಗೆ ಅಂಟಿಕೊಂಡು ಮೂರು ಊರು: ಮೇಲೆ ಮೇಗಳಹಳ್ಳಿ, ನಡುವೆ ಬಸವನಕಟ್ಟೆ, ಕೆಳಗೆ ಹೊಂಗೇಪಾಳ್ಯ. ಈಗ ಹೊಂಗೇಪಾಳ್ಯವನ್ನು ಹಳ್ಳಿ ಎಂದರೆ ಅಲ್ಲಿಯವರೇ ಮುನಿಸಿಕೊಳ್ಳುತ್ತಾರೆ. ಹೊಂಗೆಯ ತೋಪಿದ್ದಲ್ಲಿ ಅಪಾರ್ಟ್‌ಮೆಂಟು ನಿಂತಿದೆ. ಅದಕ್ಕೆ ‘ರಿವರ್ ವ್ಯೂ’ ಎಂದು ಹೆಸರಿಟ್ಟ ಪುಣ್ಯಾತ್ಮ ಹೊಳೆಯನ್ನು ಒಮ್ಮೆಯೂ ನೋಡಿರಲಾರ.

ಈ ಮೂರು ಊರಿನವರಿಗೆ ಒಂದು ರೂಢಿಯಿತ್ತು. ಹೆಣ್ಣು ಕೊಡುವುದು ನೀರು ಹರಿಯುವ ಕಡೆಗೇ. ಮೇಲಿನ ಊರಿನ ಹುಡುಗಿ ಕೆಳಗಿನ ಊರಿಗೆ ಸೊಸೆ. ಕೋಡಿ ಬಿದ್ದ ವರ್ಷ ಮೇಲೂರಿನ ತಾಯಂದಿರು ಒಂದೊಂದು ಮೊರಕ್ಕೆ ನೀರು ಇಳಿಯದಂತೆ ಮೆಂತ್ಯದ ಹಿಟ್ಟು ಬಳಿದು ಒಣಗಿಸಿ, ಅದರಲ್ಲಿ ಅರಿಶಿನ ಕುಂಕುಮ, ಕಾಯಿ, ರವಿಕೆ ಕಣ, ಹಸಿರು ಬಳೆ ಇಟ್ಟು ಹೊಳೆಗೆ ಬಿಡುತ್ತಿದ್ದರು. ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಣ್ಣುಮಕ್ಕಳು ಮೊಣಕಾಲುದ್ದ ನೀರಿನಲ್ಲಿ ನಿಂತು ತಂತಮ್ಮ ತವರಿನ ಮೊರವನ್ನು ಹಿಡಿದುಕೊಳ್ಳಬೇಕು. ಒಂದೊಂದು ಮನೆಯ ಮೊರಕ್ಕೂ ಒಂದೊಂದು ಗುರುತು. ನೀರಿಗೆ ಬಿಟ್ಟ ಮೇಲೆ ಅದನ್ನು ಗಂಡಸರು ಮುಟ್ಟುವಂತಿಲ್ಲ, ನೆಲಕ್ಕೆ ಎತ್ತಿ ಹೊತ್ತುಕೊಂಡು ಬರುವಂತಿಲ್ಲ. ಮಗಳ ಕೈಗೆ ಹೊಳೆಯೇ ಕೊಡಬೇಕು. ಇದೆಲ್ಲ ಹುಚ್ಚು ಅನ್ನಿಸಿದರೆ ಅನ್ನಿಸಲಿ. ಹುಟ್ಟುಹಬ್ಬಕ್ಕೆಂದು ಮನೆ ತುಂಬ ಬಲೂನು ಕಟ್ಟಿ ಆಮೇಲೆ ಸೂಜಿಯಿಂದ ಚುಚ್ಚುವವರಿಗಿಂತ ಇವರೇನೂ ದೊಡ್ಡ ಹುಚ್ಚರಲ್ಲ.

ರತ್ನಕ್ಕನಿಗೆ ಈ ರೂಢಿಯ ಗಂಧಗಾಳಿಯೂ ಇರಲಿಲ್ಲ. ಅವಳು ಕಲಬುರಗಿ ಕಡೆಯವಳು, ಭೀಮಾ ನದಿಯ ದಂಡೆಯ ಊರಿನವಳು. ಗಂಡ ಸಿದ್ರಾಮಪ್ಪನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಬಾಡಿಗೆ ಕಡಿಮೆ ಎಂದು ಹೊಂಗೇಪಾಳ್ಯದಲ್ಲಿ ಮನೆ ಮಾಡಿದಾಗ ಅವಳಿಗೆ ಇಪ್ಪತ್ತು ದಾಟಿತ್ತಷ್ಟೆ. ಚಿಕ್ಕಹೊಳೆಯನ್ನು ಮೊದಲ ಸಲ ನೋಡಿ, “ಇದಕ್ಕ ಹೊಳಿ ಅಂತಾರೇನ್ರೀ? ನಮ್ಮ ಕಡಿ ಎಮ್ಮಿ ಮೈ ತೊಳಿಯೋ ಹಳ್ಳ ಇದಕಿಂತ ದೊಡ್ಡದದ” ಎಂದು ನಕ್ಕಿದ್ದಳು. ನಕ್ಕರೂ ಒಳಗೆ ನಗುವಿರಲಿಲ್ಲ. ತಾಯಿ ಸಣ್ಣಂದಿನಲ್ಲೇ ತೀರಿಹೋಗಿದ್ದಳು. ತವರೆಂಬುದು ಒಂದು ರಾತ್ರಿಯ ಬಸ್ಸಿನ ದೂರದಲ್ಲಿದ್ದರೂ ಅಲ್ಲಿ ‘ಬಂದೆಯಾ ಮಗಳೇ’ ಎನ್ನುವವರು ಇರಲಿಲ್ಲ. ಮೇಲಾಗಿ ಆಗ ನಾಲ್ಕು ತಿಂಗಳ ಬಸುರಿ.

ಆ ಮಳೆಗಾಲ ಕೋಡಿ ಬಿತ್ತು. ರತ್ನಕ್ಕ ಬಟ್ಟೆ ಒಗೆಯಲು ಹೋದಾಗ ಹೊಳೆಯಲ್ಲಿ ಹೆಂಗಸರ ಜಾತ್ರೆಯೇ ನೆರೆದಿತ್ತು. ಮೊರಗಳು ತೇಲಿ ಬರುತ್ತಿದ್ದವು. ‘ನಮ್ಮವ್ವಂದು, ನಮ್ಮವ್ವಂದು’ ಎಂದು ಒಬ್ಬೊಬ್ಬರೇ ಹಿಡಿದುಕೊಳ್ಳುತ್ತಿದ್ದರು. ಕೊನೆಗೊಂದು ಬಂತು, ಅಂಚಿಗೆ ಕೆಂಪು ಬಟ್ಟೆಯ ಪಟ್ಟಿ ಹೊಲಿದದ್ದು. ಅದು ಬಂದದ್ದೇ ತಡ, ಗದ್ದಲವೆಲ್ಲ ನಿಂತುಹೋಯಿತು. ಯಾರೂ ಕೈ ಚಾಚಲಿಲ್ಲ. ಒಬ್ಬಿಬ್ಬರು ಕೈ ಮುಗಿದರು.

ರತ್ನಕ್ಕ ನೋಡಿದಳು. ಕಾಯಿ, ಬಳೆ, ಹೊಸ ರವಿಕೆ ಕಣ, ಎಲ್ಲ ನೀರುಪಾಲಾಗಿ ಹೋಗುತ್ತಿದೆ, ಇವರು ಕೈ ಮುಗಿದು ನಿಂತಿದ್ದಾರೆ! “ಅಯ್ಯ ಶಿವನ, ಹೊಂಟೇ ಹೋಯ್ತಲ್ರೀ! ಯಾರೂ ಹಿಡಿಯಂಗಿಲ್ಲೇನು?” ಎಂದವಳೇ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಮೊರವನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಳು. ತಿರುಗಿ ಗೆದ್ದವಳ ಹಾಗೆ ನಕ್ಕರೆ ಒಬ್ಬರ ಮುಖದಲ್ಲೂ ರಕ್ತವಿಲ್ಲ.

“ಏನ್ ಮಾಡ್ಬುಟ್ಟೆ ತಾಯಿ! ಅದು ಸತ್ತೋಳ ಮೊರ!” ಎಂದಳು ಒಬ್ಬ ಮುದುಕಿ.

ಅದು ಮೇಗಳಹಳ್ಳಿಯ ಮುನಿಕೆಂಪಮ್ಮನ ಮೊರ. ಆಕೆಯ ಮಗಳು ಗೋಪಾಲಮ್ಮನನ್ನು ಹೊಂಗೇಪಾಳ್ಯಕ್ಕೇ ಕೊಟ್ಟಿದ್ದರು. ಆ ಬೇಸಿಗೆಯಲ್ಲಿ ಹೆರಿಗೆಯಲ್ಲಿ ತೀರಿಹೋದಳು, ಕೂಸೂ ಉಳಿಯಲಿಲ್ಲ. ಮಗಳಿಲ್ಲದಿದ್ದರೂ ಆ ತಾಯಿ ಮೊರ ಬಿಟ್ಟಿದ್ದಳು. ಅದು ಯಾರ ಕೈಗೂ ಸಿಗದೆ ಗಂಗಮ್ಮನ ಮಡಿಲಿಗೆ ಸೇರಬೇಕಿತ್ತು. ಬಸುರಿ ಹೆಂಗಸೇ ಅದನ್ನು ಹಿಡಿದುಬಿಟ್ಟಳೆಂದರೆ ಏನು ಹೇಳುವುದು?

“ಇಡಿದ್ಮೇಲೆ ನೀರಿಗ್ ಬಿಡಂಗಿಲ್ಲ,” ಎಂದಳು ಮುದುಕಿ. “ಕಳ್ಸಿದೋರ ಕೈಗೇ ಒಪ್ಪಿಸ್ಬುಟ್ ಬಾ. ಇಂಗೇ ದಂಡೆ ಇಡ್ಕೊಂಡ್ ಓಗು.”

ರತ್ನಕ್ಕ ಒದ್ದೆ ಸೀರೆಯಲ್ಲೇ, ಮೊರವನ್ನು ತಲೆಯ ಮೇಲಿಟ್ಟುಕೊಂಡು, ಅಳುತ್ತಾ ದಂಡೆ ಹಿಡಿದು ನಡೆದಳು. ಮೇಗಳಹಳ್ಳಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಕೆರೆಯ ಪಕ್ಕದ ಮನೆಯ ಜಗಲಿಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದ ಹೆಂಗಸು ಕೆಂಪು ಪಟ್ಟಿಯ ಮೊರ ವಾಪಸು ಬರುತ್ತಿರುವುದನ್ನು ನೋಡಿ ಎದ್ದು ನಿಂತಳು.

“ತಪ್ಪಾತ್ರೀ ಅಮ್ಮ,” ಎಂದಳು ರತ್ನಕ್ಕ. “ನಮಗ ಗೊತ್ತಿರಲಿಲ್ಲ. ಹರಕೊಂಡು ಹೊಂಟಿತ್ತು, ಹಿಡದೆ. ನಿಮ್ಮದು ನಿಮಗ ತಂದೀನಿ.”

ಮುನಿಕೆಂಪಮ್ಮ ಮೊರಕ್ಕೆ ಕೈ ಹಾಕಲಿಲ್ಲ. ಅವಳ ಒದ್ದೆ ಸೀರೆ ನೋಡಿದಳು, ಹೊಟ್ಟೆ ನೋಡಿದಳು. “ಎಷ್ಟ್ ತಿಂಗ್ಳು?” ಎಂದಳು.

“ನಾಕು.”

“ಉಂಡಿದ್ದೀಯಾ?”

ಬೆಳಗಿನಿಂದ ಅವಳ ಬಾಯಿಗೆ ಏನೂ ಬಿದ್ದಿರಲಿಲ್ಲ. ಮುನಿಕೆಂಪಮ್ಮ ಒಳಗೆ ಕರೆದು ಒಣಸೀರೆ ಕೊಟ್ಟು, ಬಿಸಿ ಮುದ್ದೆ, ಬಸ್ಸಾರು ಬಡಿಸಿದಳು. ಜೋಳದ ರೊಟ್ಟಿಯಲ್ಲಿ ಬೆಳೆದ ಹುಡುಗಿ, ಮುದ್ದೆಯನ್ನು ಬಾಯಿಗಿಟ್ಟುಕೊಂಡು ಅಗಿಯಲು ಶುರುಮಾಡಿದಳು. ಅಗಿದಷ್ಟೂ ಅದು ಹಲ್ಲಿಗೆ, ಅಂಗುಳಕ್ಕೆ ಅಂಟಿಕೊಂಡು, ಇತ್ತ ನುಂಗಲೂ ಆಗದೆ ಅತ್ತ ಉಗುಳಲೂ ಆಗದೆ ಕಣ್ಣಲ್ಲಿ ನೀರು ಬಂತು. ಮುನಿಕೆಂಪಮ್ಮ ನೋಡುವಷ್ಟು ನೋಡಿ, “ಅಗೀತಾರೇನೇ ಮುದ್ದೇನ? ನುಂಗ್ಬೇಕು ಕಣೇ!” ಎಂದು ಗಟ್ಟಿಯಾಗಿ ನಕ್ಕುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಮಗ ಸುಬ್ರಮಣಿ, ಆಗಿನ್ನೂ ಮೀಸೆ ಚಿಗುರುತ್ತಿದ್ದವನು, ಅವ್ವನ ಮುಖವನ್ನೇ ನೋಡಿದ. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಊಟವಾದ ಮೇಲೆ ಮುನಿಕೆಂಪಮ್ಮ ಮೊರದಲ್ಲಿದ್ದ ಬಳೆ ತೆಗೆದು ರತ್ನಕ್ಕನ ಕೈಗೆ ಏರಿಸಹೋದಳು. ಏರಲಿಲ್ಲ. ಗೋಪಾಲಮ್ಮನದು ಎಳೆ ಕೈ, ಬಳೆಯಲ್ಲಿ ಎರಡು ನಾಲ್ಕರ ಸಣ್ಣ ಅಳತೆ. ರತ್ನಕ್ಕನದು ರೊಟ್ಟಿ ತಟ್ಟಿ ಅಗಲವಾದ ಕೈ. ಸೋಪು ಹಚ್ಚಿ, ಬೆರಳು ಒತ್ತಿ, ಅಂತೂ ಏರಿಸಿದರು. ಗೆಣ್ಣಿನ ಹತ್ತಿರ ಚರ್ಮ ಕೆಂಪಾಯಿತು.

“ಹೊಳೆ ಏನ್ ಸುಳ್ಳೇಳಲ್ಲ,” ಎಂದಳು ಮುನಿಕೆಂಪಮ್ಮ. “ನಮ್ಮನೆ ಮೊರ ಇಡಿದೋಳು ನಮ್ಮನೆ ಮಗ್ಳು. ಇನ್ನೇನೂ ಮಾತಾಡ್ಬೇಡ. ಬಾಣಂತನಕ್ಕೆ ಇಲ್ಲಿಗೇ ಬಾ.”

ಹಾಗೆ ರತ್ನಕ್ಕನಿಗೆ ತವರು ಸಿಕ್ಕಿತು. ಮಗಳು ಪದ್ಮಶ್ರೀ ಹುಟ್ಟಿದ್ದು ಆ ಮನೆಯ ನಡುಕೋಣೆಯಲ್ಲಿ. ಹೆರಿಗೆಯ ನೋವು ಶುರುವಾದಾಗಿನಿಂದ ಕೂಸು ಅತ್ತ ಸದ್ದು ಕೇಳುವವರೆಗೆ ಮುನಿಕೆಂಪಮ್ಮ ಹನಿ ನೀರೂ ಕುಡಿಯದೆ ಕೂತಿದ್ದಳು. ಆಮೇಲೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಸಾರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಸಿದ್ರಾಮಪ್ಪ ಭಾನುವಾರ ಬಂದಾಗ ಅಳಿಯನೆಂದು ಕೋಳಿ ಕೊಯ್ಯಲು ಹೊರಟರೆ ಅವನು ಲಿಂಗ ಕಟ್ಟಿದವನು, ಮುಟ್ಟುವುದಿಲ್ಲ ಎಂದು ಗೊತ್ತಾಗಿ, ಅವನೊಬ್ಬನಿಗೇ ಒಬ್ಬಟ್ಟು ಮಾಡಿದರು. ಮುದ್ದೆ ನುಂಗುವುದನ್ನು ಅವನೂ ಅಲ್ಲೇ ಕಲಿತ.

ನಾಲ್ಕೈದು ವರ್ಷ ಹೊಳೆ ಮೊರ ತಂದಿತು. ಆಮೇಲೆ ಕೋಡಿ ಬೀಳುವುದೇ ನಿಂತುಹೋಯಿತು. ಕೆರೆಗೆ ಬರುವ ಕಾಲುವೆಗಳ ಮೇಲೆ ಸೈಟುಗಳಾದವು, ಮಳೆಯೂ ಕೈಕೊಟ್ಟಿತು. ಚಿಕ್ಕಹೊಳೆಯಲ್ಲಿ ಹರಿಯುವುದೆಂದರೆ ಮನೆಗಳ ಮೋರಿ ನೀರು ಮಾತ್ರ ಎಂಬಂತಾಯಿತು. ಆದರೆ ಮುನಿಕೆಂಪಮ್ಮ ಬಿಡುವ ಪೈಕಿಯವಳಲ್ಲ. ಗೌರಿ ಹಬ್ಬ ಬಂತೆಂದರೆ ಸುಬ್ರಮಣಿಯ ಕೈಲಿ ಒಂದು ಬಟ್ಟೆಯ ಚೀಲ ಕಳಿಸುತ್ತಿದ್ದಳು. ಕಾಯಿ, ಅರಿಶಿನ ಕುಂಕುಮ, ರವಿಕೆ ಕಣ, ಹಸಿರು ಬಳೆ. “ಇದು ಲೆಕ್ಕಕ್ಕಿಲ್ಲ ಅಂತ ಏಳು ನಿಮ್ಮಕ್ಕಂಗೆ,” ಎಂದು ಪ್ರತಿ ಸಲ ಹೇಳಿ ಕಳಿಸುವಳು. “ಹೊಳೆ ಬರ್ಲಿ, ಮೊರ ಬಿಡ್ತೀನಿ.”

ಬಳೆ ಮಾತ್ರ ಪ್ರತಿ ವರ್ಷವೂ ಎರಡು ನಾಲ್ಕೇ. ಯಲಹಂಕದ ಸಂತೆಬೀದಿಯ ಜಬೀನ್ ಅವರ ಅಂಗಡಿಯಲ್ಲಿ ಮುನಿಕೆಂಪಮ್ಮ ಅಳತೆ ಹೇಳಿ ತರುತ್ತಿದ್ದದ್ದು ಅದೊಂದೇ. ಗೋಪಾಲಮ್ಮನಿಗೆ ತರುವಾಗ ಬಾಯಿಗೆ ಬಂದ ಅಳತೆ ಆಮೇಲೆ ಬದಲಾಗಲೇ ಇಲ್ಲ. ರತ್ನಕ್ಕ ಒಮ್ಮೆಯೂ ಹೇಳಲಿಲ್ಲ. ಸೋಪು ಹಚ್ಚಿ, ಹಲ್ಲು ಕಚ್ಚಿ ಏರಿಸಿಕೊಳ್ಳುವಳು. ಒಂದೆರಡು ಒಡೆದು ಕೈ ಗೀರುತ್ತಿದ್ದವು. ಹೇಳಿದರೆ ಆ ತಾಯಿಗೆ ತನ್ನ ಮಗಳ ಕೈ ನೆನಪಾಗಿ ಸಂಕಟವಾಗುತ್ತದೆ ಎಂದು ಸುಮ್ಮನಿದ್ದಳು. ಆದರೆ ಅದರ ಜೊತೆಗೇ ಇನ್ನೊಂದು ಮುಳ್ಳೂ ಇತ್ತು. ಅಮ್ಮ ಬಳೆ ಕೊಡುತ್ತಿರುವುದು ರತ್ನಳಿಗೋ, ಅಥವಾ ರತ್ನಳ ಕೈಯಲ್ಲಿ ಗೋಪಾಲಮ್ಮನಿಗೋ? ಈ ಪ್ರಶ್ನೆಯನ್ನು ಅವಳು ಸಿದ್ರಾಮಪ್ಪನ ಹತ್ತಿರವೂ ಆಡಿರಲಿಲ್ಲ. ಒಮ್ಮೆ ಮೇಗಳಹಳ್ಳಿಯ ಹಿತ್ತಿಲ ನಲ್ಲಿಯ ಹತ್ತಿರ ಸೋಪಿನ ಕೈಯಲ್ಲಿ ಬಳೆಯ ಜೊತೆ ಗುದ್ದಾಡುತ್ತಿದ್ದಾಗ ಸುಬ್ರಮಣಿ ಬಂದುಬಿಟ್ಟ. ನೋಡಿದ, ಬಕೆಟ್ ತಗೊಂಡು ಹೊರಟುಹೋದ. ಅವನು ಮೊದಲೇ ಮಾತು ಕಡಿಮೆಯ ಮನುಷ್ಯ. ಈಗ ಎರಡು ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದಾನೆ. ಅವುಗಳ ಹಾರ್ನ್ ಮಾತಾಡುವಷ್ಟೂ ಅವನು ಮಾತಾಡುವುದಿಲ್ಲ ಎಂದು ಅವನ ಹೆಂಡತಿಯೇ ದೂರುತ್ತಾಳೆ.

ಎರಡು ಸಾವಿರದ ಇಪ್ಪತ್ತೆರಡರ ಬೇಸಿಗೆಯಲ್ಲಿ ಮುನಿಕೆಂಪಮ್ಮ ತೀರಿಕೊಂಡಳು. ತುಂಬಿದ ವಯಸ್ಸು, ಮಲಗಿದಲ್ಲೇ ಹೋದಳು. ರತ್ನಕ್ಕ ತಲೆಯ ಹತ್ತಿರ ಕೂತು ಸ್ವಂತ ಮಗಳು ಅಳುವಂತೆಯೇ ಅತ್ತಳು. ಯಾರೂ ಏನೂ ಅನ್ನಲಿಲ್ಲ. ಅನ್ನುವವರು ಹನ್ನೊಂದನೇ ದಿನದ ತಿಥಿಗೆ ಕಾದಿದ್ದರು.

ತಿಥಿಯ ಊಟವಾದ ಮೇಲೆ ಮನೆಯ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ ಸೀರೆ ಕೊಟ್ಟು ಮಡಿಲು ತುಂಬುವುದು ವಾಡಿಕೆ. ಯಜಮಾನಿಕೆ ವಹಿಸಿದ್ದವನು ಸುಬ್ರಮಣಿಯ ಚಿಕ್ಕಪ್ಪ ಬೈರಣ್ಣ. “ಮನೆ ಎಣ್ಮಕ್ಳು ಬನ್ರಮ್ಮ,” ಎಂದ. ರತ್ನಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಬೈರಣ್ಣ ಅವಳ ಕಡೆ ನೋಡಿ, ಕೆಟ್ಟದಾಗಿಯೂ ಅಲ್ಲ, ಸಹಜವಾಗಿಯೇ ಹೇಳಿದ: “ನೀನ್ ಕೂತ್ಕೊಳಮ್ಮ. ಇದು ರಕ್ತ ಅಂಚ್ಕೊಂಡೋರಿಗೆ. ಅತ್ತಿಗೆ ಇದ್ದಷ್ಟ್ ದಿನ ಅವಳ ಆಸೆ, ನಡೀತು.”

ರತ್ನಕ್ಕ ಕೂತಳು. ಎದ್ದವಳು ಎಲ್ಲರ ಮುಂದೆ ಕೂರುವುದಿದೆಯಲ್ಲ, ಅದರಂಥ ಶಿಕ್ಷೆ ಇನ್ನೊಂದಿಲ್ಲ. ಅವಳು ಸುಬ್ರಮಣಿಯನ್ನು ಹುಡುಕಿದಳು. ಅವನು ಪಡಸಾಲೆಯ ಕಂಬದ ಹತ್ತಿರ ನಿಂತು ನೆಲ ನೋಡುತ್ತಿದ್ದ. ಒಂದು ಮಾತು, ಒಂದೇ ಒಂದು ಮಾತು ಅವನು ಆಡಬಹುದಿತ್ತು. ಆಡಲಿಲ್ಲ. ಆಮೇಲೆ ಬಸ್‌ಸ್ಟಾಪಿನವರೆಗೂ ಬಂದು, ಬಸ್ಸು ಹತ್ತಿಸಿ, “ಬರ್ತೀನಕ್ಕ” ಎಂದ. ಬರಲಿಲ್ಲ. ಫೋನೂ ಇಲ್ಲ. ಗೌರಿ ಹಬ್ಬ ಬಂತು, ಚೀಲ ಬರಲಿಲ್ಲ. ಸಾವಾದ ಮನೆಯಲ್ಲಿ ಹಬ್ಬ ಮಾಡುವುದಿಲ್ಲ ಎಂಬುದು ರತ್ನಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ದಿನವಿಡೀ ಬಾಗಿಲು ನೋಡಿದಳು.

ಆ ಹಬ್ಬದ ಬೆನ್ನಿಗೇ ಮಳೆ ಹಿಡಿಯಿತು. ಬೆಂಗಳೂರು ಅಂಥ ಮಳೆ ಕಂಡು ಎಷ್ಟೋ ಕಾಲವಾಗಿತ್ತು. ಹೆಬ್ಬಾಳದಲ್ಲಿ ಕಾರುಗಳು ತೇಲಿದವು, ಕೆಂಪಾಪುರದ ಕಡೆ ಮನೆಗಳಿಗೆ ನೀರು ನುಗ್ಗಿತು. ಮಳೆ ಬಿಟ್ಟ ಮರುದಿನ ಬೆಳಿಗ್ಗೆ ಪದ್ಮಶ್ರೀ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಓಡಿಬಂದಳು. ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಚಿಕ್ಕ ಹುಡುಗಿಯಂತೆ ಕುಣಿಯುತ್ತಿದ್ದಳು.

“ಅಮ್ಮಾ, ನೋಡಿಲ್ಲಿ! ಅಜ್ಜಿ ಊರ ಕೆರೆ ಕೋಡಿ ಬಿದ್ದಿದೆ!”

ವಿಡಿಯೋದಲ್ಲಿ ಕೆಂಪು ನೀರು ಕೋಡಿಯ ಕಲ್ಲಿನ ಮೇಲಿಂದ ಧುಮುಕುತ್ತಿತ್ತು. ರತ್ನಕ್ಕ ಒಲೆ ಆರಿಸಿದಳು. ತಲೆಗೆ ಸ್ನಾನ ಮಾಡಿ ಹಸಿರು ಸೀರೆ ಉಟ್ಟು ಹೊರಟಳು. ನಿವೃತ್ತನಾಗಿ ಮನೆಯಲ್ಲೇ ಇದ್ದ ಸಿದ್ರಾಮಪ್ಪ ಪೇಪರಿನಿಂದ ತಲೆ ಎತ್ತಿ, “ಈಗ ಯಾರ್ ಕಳಸ್ತಾರ ನಿನಗ? ಸುಮ್ಮಕ ನೀರಾಗ ನಿಂತು ಕಾಲ್ನೋವು ತರಿಸ್ಕೋತಿ” ಎಂದ. ಹಾಗೆಂದವನೇ ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು, ಕೈಯಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಅವಳ ಹಿಂದೆ ಬಂದ.

ಬಟ್ಟೆ ಒಗೆಯುವ ಕಲ್ಲುಗಳಲ್ಲಿ ಒಂದು ಮಾತ್ರ ಉಳಿದಿತ್ತು. ಈ ಕಡೆ ರಸ್ತೆಯ ಸೇತುವೆ, ಆ ಕಡೆ ರಿವರ್ ವ್ಯೂನ ಕಾಂಪೌಂಡು. ಅಲ್ಲಿಯವರು ಬಾಲ್ಕನಿಯಿಂದ ಫೋಟೋ ತೆಗೆಯುತ್ತಿದ್ದರು. ಕೊನೆಗೂ ಅವರ ಅಪಾರ್ಟ್‌ಮೆಂಟಿನ ಹೆಸರು ನಿಜವಾಗಿತ್ತು. ನೀರು ಬರುತ್ತಲೇ ಇತ್ತು. ಥರ್ಮಕೋಲು ಬಂತು, ಹವಾಯಿ ಚಪ್ಪಲಿ ಬಂತು, ಬಾಟಲಿಗಳು, ಕಳೆಗಿಡದ ದೊಡ್ಡ ದೊಡ್ಡ ಗುಪ್ಪೆಗಳು ಬಂದವು. ಮೊರ ಬರಲಿಲ್ಲ. ರತ್ನಕ್ಕ ಕುರ್ಚಿಯಲ್ಲಿ ಕೂರಲಿಲ್ಲ, ಚಹಾ ಮುಟ್ಟಲಿಲ್ಲ. ಮಧ್ಯಾಹ್ನ ಇಳಿಯುವವರೆಗೂ ನಿಂತೇ ಇದ್ದಳು.

ಆಮೇಲೆ ಇದ್ದಕ್ಕಿದ್ದಂತೆ ಅವಳಿಗೆ ಸಿಟ್ಟು ಬಂತು. ದುಃಖ ತಡೆದು ತಡೆದು ಸಾಕಾದ ಮೇಲೆ ಬರುವ ಸಿಟ್ಟು ಅದು. ಸರಸರನೆ ಮನೆಗೆ ಹೋಗಿ, ಅಟ್ಟದ ಮೇಲಿಂದ ಹಳೆಯ ಮೊರವನ್ನು ಇಳಿಸಿದಳು. ಮೊದಲ ಸಲ ಹಿಡಿದ ಅದೇ ಮೊರ. ಕೆಂಪು ಪಟ್ಟಿ ಮಾಸಿ ಇಟ್ಟಿಗೆ ಬಣ್ಣವಾಗಿತ್ತು.

“ಎಲ್ಲಿಗೆ?” ಎಂದ, ಕುರ್ಚಿ ಹೊತ್ತು ಹಿಂದೆಯೇ ಬಂದ ಸಿದ್ರಾಮಪ್ಪ.

“ಅವರದು ಅವರಿಗೆ ಒಪ್ಪಿಸಿ ಬರ್ತೀನಿ. ಅವತ್ತೇ ಒಪ್ಪಿಸಬೇಕಾಗಿತ್ತು. ಅಮ್ಮ ಇಸ್ಕೊಳ್ಳಲಿಲ್ಲ, ಈಗ ಅವರ ಮಗ ಇಸ್ಕೊಳ್ಳಲಿ. ರಕ್ತ ಹಂಚ್ಕೊಂಡಿಲ್ಲ ಅಂದ ಮ್ಯಾಲ ಈ ಮೊರ ನನಗ್ಯಾಕ ಬೇಕು?”

ಸಿದ್ರಾಮಪ್ಪ ತಡೆಯಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಯಾವಾಗ ಸುಮ್ಮನಿರಬೇಕೆಂದು ಗೊತ್ತಿತ್ತು. ಬಸ್ಸಿಗೆ ಹೋಗು ಎಂದ. ಅವಳು ದಂಡೆ ಹಿಡಿದಳು. ಮೊರ ತಲೆಯ ಮೇಲೆ, ಮೊದಲ ದಿನದ ಹಾಗೆಯೇ. ಅಂದು ಇದ್ದ ಕಾಲುದಾರಿಯ ಅರ್ಧಕ್ಕೆ ಬೇಲಿ ಬಿದ್ದಿತ್ತು. ಕಾಂಪೌಂಡು ಸುತ್ತಿ, ಒಂದು ನರ್ಸರಿಯ ಗಿಡಗಳ ನಡುವೆ ಹಾದು, ಕೆಸರಿನಲ್ಲಿ ಚಪ್ಪಲಿ ಕಳಚಿ ಕೈಗೆ ತಗೊಂಡು ನಡೆದಳು. ಸುಬ್ರಮಣಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದಳು. ಒಂದು ಸಲಕ್ಕಿಂತ ಒಂದು ಸಲ ಖಾರವಾಗುತ್ತಿತ್ತು.

ಬಸವನಕಟ್ಟೆಗೆ ಇನ್ನೂ ಸ್ವಲ್ಪ ದೂರವಿರುವಾಗ ಹೊಳೆ ಒಂದು ಮಣ್ಣುರಸ್ತೆಯ ಕೆಳಗೆ ಎರಡು ಸಿಮೆಂಟ್ ಕೊಳವೆಗಳಲ್ಲಿ ನುಸುಳಿ ಹೊರಬರುತ್ತದೆ. ಅಲ್ಲಿ ಕಳೆಗಿಡ, ಪ್ಲಾಸ್ಟಿಕ್ಕು ಸಿಕ್ಕಿಕೊಂಡು ದೊಡ್ಡ ಗುಪ್ಪೆಯಾಗಿತ್ತು. ಆ ಗುಪ್ಪೆಯ ಪಕ್ಕದಲ್ಲಿ ತೊಡೆಯುದ್ದ ನೀರಿನಲ್ಲಿ ಒಬ್ಬ ಗಂಡಸು ನಿಂತಿದ್ದ. ಪಂಚೆ ಎತ್ತಿ ಕಟ್ಟಿದ್ದ, ಅಂಗಿಯೆಲ್ಲ ಕೆಸರು. ಕೈಯಲ್ಲಿ ಉದ್ದನೆಯ ಬಿದಿರಿನ ಗಳ. ಆ ಗಳದ ತುದಿಯಿಂದ, ಕೂಸನ್ನು ಎಬ್ಬಿಸುವಷ್ಟು ಮೆಲ್ಲಗೆ, ಏನನ್ನೋ ಗುಪ್ಪೆಯಿಂದ ಬಿಡಿಸುತ್ತಿದ್ದ.

ಅದು ಮೊರ. ಹೊಸ ಮೊರ. ಅಂಚಿಗೆ ಕೆಂಪು ಪಟ್ಟಿ.

ಗಂಡಸು ತಿರುಗಿದ. ಸುಬ್ರಮಣಿ. ಅವಳನ್ನು ನೋಡಿದವನೇ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಪೆಚ್ಚಾದ.

“ಅಯ್ಯೋ, ಯಾಕ್ ಬಂದ್ಯಕ್ಕ? ಅಲ್ಲೇ ನಿಂತಿರ್ಬಾರ್ದಾಗಿತ್ತಾ? ಇನ್ನೆರಡು ಮೋರಿ ದಾಟಿದ್ರೆ ಬಂದ್ಬಿಡ್ತಿತ್ತು.”

ರತ್ನಕ್ಕ ಜೋಡಿಸಿಟ್ಟಿದ್ದ ಖಾರವೆಲ್ಲ ಎಲ್ಲಿ ಹೋಯಿತೋ.

“ಬೆಳಿಗ್ಗೆ ನಮ್ಮೋಳು ಬಿಟ್ಳು,” ಎಂದ ಸುಬ್ರಮಣಿ. “ಕೆರೆ ಏರಿ ದಾಟ್ಲಿಲ್ಲ, ಆಗ್ಲೇ ಕಳೇಲಿ ಸಿಕ್ಕಾಕೊಳ್ತು. ಈಗ್ಲೂ ಮೊದ್ಲಿನ್ ಹೊಳೆ ಅನ್ಕೊಂಡ್ಯಾ? ಎಲ್ ನೋಡಿದ್ರೂ ಮೋರಿ, ಪೈಪು, ಗೋಡೆ. ನಾನ್ ಮುಟ್ಟಂಗಿಲ್ಲ, ಎತ್ಕೊಂಡ್ ಬರಂಗಿಲ್ಲ. ಅದಕ್ಕೆ ಗಳ ತಗೊಂಡು ದಬ್ಕೊಂಡ್ ದಬ್ಕೊಂಡ್ ಬಂದೆ. ಬೆಳಿಗ್ಗೆಯಿಂದ ನಾಕು ಟ್ಯಾಂಕರ್ ಲೋಡ್ ಕ್ಯಾನ್ಸಲ್.”

“ಬೈರಣ್ಣ ಚಿಕ್ಕಪ್ಪ ಏನೂ ಅನ್ನಲಿಲ್ಲೇನು?” ಇದೊಂದೇ ಅವಳಿಗೆ ಹೊಳೆದದ್ದು.

“ಅಂದ್ರು. ಸಾವಾದ ವರ್ಷ ಮೊರ ಬಿಡಬಾರ್ದು ಅಂದ್ರು. ರತ್ನಕ್ಕನ ಕೈಗ್ ಸಿಕ್ಕಿದ್ ಮೊರಾನೂ ಅವ್ವ ಸಾವಾದ ವರ್ಷಾನೇ ಬಿಟ್ಟಿದ್ದಲ್ವಾ ಅಂದೆ. ಸುಮ್ನಾದ್ರು.” ಅವನು ಗಳವನ್ನು ಕೆಸರಿಗೆ ಊರಿ ಅದನ್ನೇ ನೋಡುತ್ತಾ ಹೇಳಿದ. “ಅವತ್ತೇ ಅನ್ಬೇಕಾಗಿತ್ತು ಕಣಕ್ಕ. ತಿಥಿ ದಿನ. ಬಾಯಿ ಬರ್ಲಿಲ್ಲ. ಆಮೇಲ್ ಫೋನ್ ಮಾಡಿ ಏನಂತ ಏಳ್ಲಿ? ದಿನಾ ಕೆರೆ ನೋಡ್ತಿದ್ದೆ. ಕೋಡಿ ಬಿದ್ರೆ ಸಾಕಪ್ಪಾ ಅಂತ.”

ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ರತ್ನಕ್ಕ ಎಂದೂ ಕೇಳಿರಲಿಲ್ಲ.

“ನಿಂತ್ಕೋ, ಬಿಡ್ತೀನಿ,” ಎಂದು ಅವನು ಗಳದಿಂದ ಕೊನೆಯ ಸಲ ಮೆಲ್ಲಗೆ ನೂಕಿದ. ಮೊರ ಗುಪ್ಪೆಯಿಂದ ಬಿಡಿಸಿಕೊಂಡು, ಒಂದು ಸುತ್ತು ತಿರುಗಿ, ನೀರಿನ ಜೊತೆ ಅವಳ ಕಡೆ ಬಂತು. ರತ್ನಕ್ಕ ಹಳೆಯ ಮೊರವನ್ನು ದಂಡೆಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಅಂದಿನ ಹಾಗೆ ಹಾರಿ ಇಳಿಯುವ ವಯಸ್ಸಲ್ಲ. ಒಂದೊಂದೇ ಹೆಜ್ಜೆ ಊರಿ ಇಳಿದು, ಎರಡೂ ಕೈಯಲ್ಲಿ ಹಿಡಿದಳು.

ಒಳಗೆ ನೀರು ನುಗ್ಗಿ ಎಲ್ಲ ಒದ್ದೆಯಾಗಿತ್ತು. ಮೆಂತ್ಯದ ಹಿಟ್ಟನ್ನು ಸರಿಯಾಗಿ ಬಳಿದಿರಲಿಲ್ಲ, ಬಳಿಯಲು ಹೇಳಿಕೊಡುವವಳು ಈಗ ಇರಲಿಲ್ಲ. ಕುಂಕುಮ ಕರಗಿ ಕಾಯಿ ಕೆಂಪಾಗಿತ್ತು. ಬಳೆಗಳು ಮಾತ್ರ ದಾರದಲ್ಲಿ ಕಟ್ಟಿದ್ದ ಹಾಗೇ ಇದ್ದವು. ರತ್ನಕ್ಕ ದಂಡೆಗೆ ಬಂದು ಕೂತು, ದಾರ ಬಿಚ್ಚಿ, ರೂಢಿಯಂತೆ ಬೆರಳುಗಳನ್ನು ಒತ್ತಿ ಕೂಡಿಸಿ, ಹಲ್ಲು ಕಚ್ಚಿ ಒಂದು ಬಳೆಯನ್ನು ಕೈಗೆ ತೂರಿಸಿದಳು.

ಬಳೆ ಜಾರಿಕೊಂಡು ಹೋಗಿ ಮುಂಗೈಯಲ್ಲಿ ಕೂತಿತು.

ಅವಳು ಕೈಯನ್ನೇ ನೋಡಿದಳು. ಇನ್ನೊಂದು ಹಾಕಿದಳು. ಅದೂ ಜಾರಿತು, ಗಿಲ್ ಎಂದಿತು.

“ಎರಡು ಆರು,” ಎಂದ ಸುಬ್ರಮಣಿ, ನೀರಿನಲ್ಲೇ ನಿಂತು, ಬೇರೆ ಕಡೆ ನೋಡುತ್ತಾ. “ಜಬೀನಮ್ಮ ಎರಡು ನಾಲ್ಕೇ ತೆಗ್ದಿಟ್ಟಿದ್ರು, ನಿಮ್ಮವ್ವ ಯಾವಾಗ್ಲೂ ಇದೇ ಅಂತ. ನಾನು, ಇಲ್ಲಮ್ಮ, ಇದು ನಮ್ ರತ್ನಕ್ಕಂಗೆ, ದೊಡ್ಡದ್ ಕೊಡಿ ಅಂದೆ. ನೀನ್ ಸೋಪ್ ಹಚ್ಕೊಂಡು ಒದ್ದಾಡ್ತಿದ್ದದ್ ನೋಡಿದ್ನಲ್ಲ. ನೀನ್ ಅವ್ವಂಗ್ ಏಳ್ಲಿಲ್ಲ, ಅದಕ್ಕೆ ನಾನೂ ಏಳ್ಲಿಲ್ಲ.”

ರತ್ನಕ್ಕ ಬಳೆ ತುಂಬಿದ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ತಿಥಿಯ ದಿನ ನುಂಗಿಕೊಂಡದ್ದು, ಗೌರಿ ಹಬ್ಬದ ದಿನ ನುಂಗಿಕೊಂಡದ್ದು, ಎಲ್ಲವನ್ನೂ ಅತ್ತಳು. ಸುಬ್ರಮಣಿ ನೀರಿನಿಂದ ಮೇಲೆ ಬಂದು, ಗಳವನ್ನು ಪಕ್ಕಕ್ಕಿಟ್ಟು, ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ. ಆಗ ಹಳೆಯ ಮೊರ ಅವನ ಕಣ್ಣಿಗೆ ಬಿತ್ತು.

“ಇದ್ಯಾಕ್ ತಂದೆ ಅಕ್ಕ?”

ರತ್ನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊಸ ಮೊರವನ್ನು ಓರೆ ಮಾಡಿ ಒಳಗಿನ ನೀರು ಚೆಲ್ಲಿದಳು.

“ನಿನ್ನ ಹೆಂಡತಿಗೆ ಮೊರಕ್ಕ ಹಿಟ್ಟು ಹಚ್ಚೋದು ಬರಂಗಿಲ್ಲ ನೋಡು, ಎಲ್ಲಾ ನೀರು ಒಳಗ ಬಂದದ,” ಎಂದಳು. “ಇದನ್ನ ತೋರಿಸಿ ಕಲಸ್ತೀನಿ. ನಡಿ ಮನಿಗೆ. ಬೆಳಿಗ್ಗಿಂದ ಏನೂ ತಿಂದಿಲ್ಲ ನಾನು. ಮುದ್ದಿ ಮಾಡಸು.”

ಇಬ್ಬರೂ ಎದ್ದರು. ಹೊಸ ಮೊರ ಅವಳ ತಲೆಯ ಮೇಲೆ, ಹಳೆಯ ಮೊರ ಅವನ ಕಂಕುಳಲ್ಲಿ, ದಂಡೆ ಹಿಡಿದು ಮೇಗಳಹಳ್ಳಿಯ ಕಡೆ ನಡೆದರು.